ಅರ್ಜಿಯ ಸಣ್ಣ ತಪ್ಪುಗಳಿಗೆ ಸ್ಪಷ್ಟ ಉತ್ತರ ಬೇಕು

ಮಾನ್ಯ ಸಂಪಾದಕರೇ,

ಸಿಇಟಿಗೆ ಅರ್ಜಿ ಸಲ್ಲಿಸಿದ ನನ್ನ ಮಗಳು, ಶುಲ್ಕ ಕಟ್ಟಿ ಮುದ್ರಿತ ಪ್ರತಿ ಕೈಗೆ ಬಂದ ಮೇಲೆ, ತಂದೆಯ ಹೆಸರಿನಲ್ಲಿ ಅಂಕಪಟ್ಟಿಯಲ್ಲಿರುವ ಒಂದು ‘ಎಚ್’ ಅಕ್ಷರ ಬಿಟ್ಟುಹೋಗಿರುವುದನ್ನು ಗಮನಿಸಿದಳು. ಅಂದಿನಿಂದ ಆ ಪ್ರತಿಯನ್ನು ಭೌತಶಾಸ್ತ್ರದ ಪುಸ್ತಕದೊಳಗಿಟ್ಟುಕೊಂಡು ಮತ್ತೆ ಮತ್ತೆ ತೆಗೆದು ನೋಡುತ್ತಾಳೆ. ಆ ಹೆಸರಿನ ಕೆಳಗೆ ಎಳೆದ ಪೆನ್ಸಿಲ್ ಗೆರೆ ಕಾಗದವನ್ನೇ ಸವೆಸಿದೆ. ಓದಬೇಕಾದ ಹೊತ್ತು ಹೀಗೆ ಕಳೆಯುತ್ತಿರುವುದು ಹೆತ್ತವರಿಗೆ ಸಂಕಟದ ವಿಷಯ.

ಎಲ್ಲ ತಪ್ಪುಗಳ ತೂಕವೂ ಒಂದೇ ಅಲ್ಲ. ಶೇ 15ರ ಗ್ರಾಮೀಣ ಮೀಸಲಾತಿ, ಶೇ 5ರ ಕನ್ನಡ ಮಾಧ್ಯಮ ಮೀಸಲಾತಿಯ ಕೋರಿಕೆಯನ್ನು ನಮೂದಿಸಲು ಮರೆತರೆ ಅಥವಾ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪಾದರೆ ಸೀಟಿಗೇ ಕುತ್ತು ಬರಬಹುದು. ಹೆಸರಿನ ಕಾಗುಣಿತದ ವ್ಯತ್ಯಾಸ ಅಂಥದ್ದಲ್ಲ ಎಂದು ಬಲ್ಲವರು ಹೇಳುತ್ತಾರಾದರೂ, ಬಾಯಿಮಾತಿನ ಭರವಸೆಯಿಂದ ಹದಿನೇಳರ ಮಕ್ಕಳಿಗೆ ಸಮಾಧಾನವಾಗುವುದಿಲ್ಲ. ಹಳ್ಳಿಗಳಲ್ಲಂತೂ ಸೈಬರ್ ಅಂಗಡಿಯವರೇ ಅರ್ಜಿ ತುಂಬುವುದರಿಂದ, ತಪ್ಪು ಕಣ್ಣಿಗೆ ಬೀಳುವುದು ಮನೆ ಸೇರಿದ ಮೇಲೆಯೇ.

ಆದ್ದರಿಂದ ಯಾವ ತಪ್ಪನ್ನು ಕಡ್ಡಾಯವಾಗಿ ತಿದ್ದಿಸಬೇಕು, ಯಾವುದನ್ನು ದಾಖಲಾತಿ ಪರಿಶೀಲನೆಯ ವೇಳೆ ಸರಿಪಡಿಸಬಹುದು ಎಂಬುದನ್ನು ಅರ್ಜಿಯ ಪ್ರತಿಯ ಹಿಂಬದಿಯಲ್ಲೇ ಕನ್ನಡದಲ್ಲಿ ಮುದ್ರಿಸಬೇಕು. ತಿದ್ದುಪಡಿಯ ದಿನಾಂಕಗಳನ್ನು ಪ್ರತಿ ಅಭ್ಯರ್ಥಿಯ ಮೊಬೈಲ್‌ಗೂ ಸಂದೇಶದ ಮೂಲಕ ತಿಳಿಸಬೇಕು. ಪ್ರತಿ ಪಿಯು ಕಾಲೇಜಿನಲ್ಲಿಯೂ ಒಬ್ಬ ಉಪನ್ಯಾಸಕರಿಗೆ ಈ ಹೊಣೆ ವಹಿಸಿದರೆ, ಮಕ್ಕಳು ಯಾರನ್ನು ಕೇಳಬೇಕೆಂದು ತಿಳಿಯದೆ ಅಲೆಯುವುದು ತಪ್ಪುತ್ತದೆ.

– ಒಬ್ಬ ಪೋಷಕ, ತಿಪಟೂರು