ಮೇಲ್ ಸರ್ವರ್ ಬಿದ್ದ ಲೆಕ್ಕ ಡೀಸೆಲ್ ಪುಸ್ತಕದಲ್ಲಿತ್ತು

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಹತ್ತಿರ ಬಂತು ಅಂದ್ರೆ ಒಣಗಿದ ಮರ ಕಡಿಸಿ, ಚರಂಡಿ ಬಿಡಿಸಿ, ತಂತಿ ಮೇಲಿನ ಕೊಂಬೆ ಸವರಿಸಿ ಅಂತ ಪತ್ರಿಕೆಯಲ್ಲಿ ಬರುತ್ತದೆ. ಒಳ್ಳೇದೇ. ಅದಕ್ಕೆ ನನ್ನದೂ ಒಂದು ಸೇರಿಸಿಕೊಳ್ಳಿ. ಆಫೀಸಿನ ಸರ್ವರ್ ರೂಮಿನಲ್ಲಿ ಯಾವ ವೈರು ಯಾವ ಪ್ಲಗ್ಗಿಗೆ ಹೋಗಿದೆ ಅಂತ ಒಮ್ಮೆ ಬಗ್ಗಿ ನೋಡಿ.

ನಾನು ಮಡಿಕೇರಿಯ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಕಾಫಿ ಬೆಳೆಗಾರರು, ಖರೀದಿದಾರರು, ಎಲ್ಲರ ಜೊತೆಗೂ ನಮ್ಮ ವ್ಯವಹಾರ ಇಮೇಲ್‌ನಲ್ಲೇ. ಅದಕ್ಕೆ ಎರಡು ಲಿನಕ್ಸ್ ಸರ್ವರ್ ಕೂಡಿಸಿದ ಕ್ಲಸ್ಟರ್ ಇದೆ. ಮೇಲ್ ಎಲ್ಲ ಇರುವುದು ಎರಡಕ್ಕೂ ಕೇಬಲ್ ಎಳೆದಿರುವ ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿ. ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳುತ್ತದೆ, ನಿಲ್ಲುವ ಮಾತೇ ಇಲ್ಲ ಅಂತ ಹೇಳಿ ಮಾರಿದ್ದರು. ಕಳೆದ ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಅದು ವಾರಕ್ಕೆ ಎರಡು ಸಲ ಬಿತ್ತು.

ಎಲ್ಲರೂ ಬೈದದ್ದು ಮೇಲ್ ಸಾಫ್ಟ್‌ವೇರಿಗೆ. ನಾನೂ ಬೈದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು, ರ‍್ಯಾಮ್ ಬದಲಾಯಿಸಿದೆವು. ಬೆಂಗಳೂರಿನಿಂದ ಎಂಜಿನಿಯರ್ ಬಂದರು, ಅವರಿದ್ದ ಎರಡು ದಿನ ಮಳೆ ಹೊಳವಾಗಿತ್ತು, ಎಲ್ಲ ಚೆನ್ನಾಗೇ ನಡೆಯಿತು, ಬಿಲ್ಲು ಕೊಟ್ಟು ಹೋದರು. ಮೂರನೇ ದಿನ ಮತ್ತೆ ಅದೇ ಕಥೆ.

ಕೊನೆಗೆ ದಾರಿ ಸಿಕ್ಕಿದ್ದು ನಮ್ಮ ಅಟೆಂಡರ್ ಹತ್ತಿರ. ಕರೆಂಟ್ ಹೋಗಿ ಜನರೇಟರ್ ಶುರು ಮಾಡಿದಾಗೆಲ್ಲ ಅವರು ಗಂಟೆ, ನಿಮಿಷ ಬರೆದಿಡುತ್ತಾರೆ, ಡೀಸೆಲ್ ಲೆಕ್ಕಕ್ಕೆ. ತೇವಕ್ಕೆ ಹಾಳೆಯೆಲ್ಲ ಉಬ್ಬಿದ್ದ ಆ ನೋಟ್‌ಬುಕ್ಕನ್ನೂ, ಸರ್ವರ್ ತಾನೇ ಹೊತ್ತು ಹಾಕಿ ಬರೆದಿಡುವ ಲಾಗನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೇ ಸರ್ವರ್ ಬಿದ್ದ ಹೊತ್ತು ಒಂದೊಂದೂ ತಾಳೆಯಾಯಿತು. ಎರಡನೆಯದು ಮಾತ್ರ ಪ್ರತಿ ಸಲವೂ ಏಳು ನಿಮಿಷ ಹಿಂದೆ. ಅದರ ಗಡಿಯಾರವೇ ಅಷ್ಟು ಹಿಂದಿತ್ತು! ಮೊದಲು ಬೀಳುವುದು ಎರಡನೆಯದೇ ಅಂತ ತಿಂಗಳಿಡೀ ಅದನ್ನೇ ಬಿಚ್ಚಿ ಜೋಡಿಸುತ್ತಾ ಕೂತಿದ್ದೆ ನಾನು.

ಆದರೆ ಸರ್ವರ್ ಎರಡೂ ಯುಪಿಎಸ್ ಮೇಲಿವೆ, ಕರೆಂಟ್ ಹೋದರೆ ಅವುಗಳಿಗೇನು? ಬೀರು ಸರಿಸಿ ನೋಡಿದಾಗ ಗೊತ್ತಾಯಿತು. ಕಂಪ್ಯೂಟರ್‌ಗಳ ಕೇಬಲ್ ಎಲ್ಲ ಬಂದು ಕೂಡುವ ಪೆಟ್ಟಿಗೆ, ಅಂದ್ರೆ ನೆಟ್‌ವರ್ಕ್ ಸ್ವಿಚ್, ಗೋಡೆಯ ಪ್ಲಗ್ಗಿನಲ್ಲಿತ್ತು. ಬಣ್ಣ ಹೊಡೆಯುವಾಗ ಯಾರೋ ಅದನ್ನು ಯುಪಿಎಸ್‌ನಿಂದ ಕಿತ್ತು ಆ ಜಾಗಕ್ಕೆ ಪ್ರಿಂಟರ್ ಹಾಕಿದ್ದರು.

ಇಲ್ಲೇ ಇರುವುದು ಎಡವಟ್ಟು. ಎರಡು ಸರ್ವರ್‌ಗಳೂ ಆ ಸ್ವಿಚ್ ಮೂಲಕವೇ ಒಂದಕ್ಕೊಂದು "ಇದ್ದೀಯಾ?" ಅಂತ ಸದಾ ಕೇಳಿಕೊಳ್ಳುತ್ತಿರುತ್ತವೆ, ಅದಕ್ಕೆ ಹಾರ್ಟ್‌ಬೀಟ್ ಅನ್ನುತ್ತಾರೆ. ಎಲ್ಲೋ ಸಿಲ್ವರ್ ಓಕ್ ಕೊಂಬೆ ತಂತಿಗೆ ತಾಗಿ ಕರೆಂಟ್ ಕಣ್ಣು ಮಿಟುಕಿಸಿದರೂ ಸಾಕು, ಸ್ವಿಚ್ ಆಫ್ ಆಗಿ ಮತ್ತೆ ಎದ್ದು ಕೂರಲು ಎರಡು ನಿಮಿಷ ಬೇಕು. ಅಷ್ಟರಲ್ಲಿ ಇವನು ಸತ್ತ ಅಂತ ಅದು, ಅವನು ಸತ್ತ ಅಂತ ಇದು. ಎರಡೂ ಒಟ್ಟಿಗೆ ಹೋಗಿ ಅದೇ ಡಿಸ್ಕಿಗೆ ಬರೆಯಲು ಶುರು. ಯಾವ ಕಡತ ಎಲ್ಲಿದೆ ಅಂತ ಲೆಕ್ಕ ಇಡುವ ಅದರ ಫೈಲ್ ಸಿಸ್ಟಮ್ ಒಂದು ಸಲಕ್ಕೆ ಒಂದೇ ಯಂತ್ರ ಬರೆಯಲಿ ಅಂತ ಮಾಡಿದ್ದು, ಕೆಡದೆ ಇರುತ್ತದಾ? ಕಡತದ ಲೆಕ್ಕ ತಪ್ಪಿತು ಅಂತ ಲಿನಕ್ಸ್ ಡಿಸ್ಕನ್ನು ಬರೀ ಓದುವುದಕ್ಕೆ ಅಂತ ಬೀಗ ಹಾಕುತ್ತದೆ, ಮೇಲ್ ಬೀಳುತ್ತದೆ. ಸ್ಪ್ಲಿಟ್ ಬ್ರೇನ್ ಅನ್ನುವ ಹಳೇ ಕಾಯಿಲೆ ಇದು.

ಮದ್ದೂ ಹಳೆಯದೇ. ಅನುಮಾನ ಬಂದರೆ ಡಿಸ್ಕ್ ಮುಟ್ಟುವ ಮುಂಚೆ ಇನ್ನೊಂದರ ಪವರ್ ಕಡಿ ಅನ್ನುವ ಏರ್ಪಾಡಿದೆ, ಹೆಸರು ಸ್ಟೋನಿತ್. ಪಕ್ಕದವನ ತಲೆಗೆ ಗುಂಡು ಹೊಡಿ ಅನ್ನುವ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳು ಅವು. ಕೋವಿಗೆ ಪೂಜೆ ಮಾಡುವ ಊರಿಗೆ ಬಂದು ಇದನ್ನೇ ಆಫ್ ಮಾಡಿಟ್ಟು ಹೋಗಿದ್ದರು ನೋಡಿ! ಈಗ ಆನ್ ಮಾಡಿದ್ದೇವೆ. ಎರಡು ಸರ್ವರ್ ನಡುವೆ ಸ್ವಿಚ್ ಇಲ್ಲದೆ ನೇರ ಕೇಬಲ್ ಎಳೆದಿದ್ದೇವೆ. ಡಿಸ್ಕ್ ಯಾರ ಕೈಗೆ ಅಂತ ತೀರ್ಮಾನಿಸಲು ಸರ್ವರ್‌ಗಳಿಗೆ ಒಂದೊಂದು ಓಟು, ಕುಶಾಲನಗರದ ಶಾಖೆಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಇಟ್ಟು ಮೂರನೇ ಓಟು ಅದಕ್ಕೆ ಕೊಟ್ಟಿದ್ದೇವೆ, ಮೂರರಲ್ಲಿ ಎರಡು ಓಟು ಇಲ್ಲದವರು ಸುಮ್ನೆ ಕೂರಬೇಕು. ಗಡಿಯಾರ ಎರಡೂ ಈಗ ಒಂದೇ. ಇಷ್ಟಕ್ಕೆಲ್ಲ ಆದ ಖರ್ಚು ಆ ಎಂಜಿನಿಯರ್ ಬಿಲ್ಲಿಗಿಂತ ಕಡಿಮೆ.

ಸರ್ವರ್ ಬಿದ್ದಿದ್ದಾಗ ಹೊರಗಿನಿಂದ ಬರಬೇಕಿದ್ದ ಮೇಲ್ ಹೆಚ್ಚಾಗಿ ಕಳೆದುಹೋಗಲಿಲ್ಲ. ಕಳಿಸಿದವರ ಸರ್ವರ್ ಸಾಮಾನ್ಯವಾಗಿ 4–5 ದಿನ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೋದದ್ದು ಡಿಸ್ಕಿನಲ್ಲಿ ಆಗಲೇ ಇದ್ದು ಕೆಟ್ಟವು. ಬ್ಯಾಕಪ್‌ನಿಂದ ಸಿಕ್ಕಿದಷ್ಟು ಸಿಕ್ಕಿತು.

ಜಿಲ್ಲೆಯಲ್ಲಿ ಇಂಥ ಜೋಡಿ ಸರ್ವರ್ ಇಟ್ಟುಕೊಂಡ ಆಫೀಸುಗಳು ಇನ್ನೂ ಇರುತ್ತವೆ ಅಲ್ವಾ, ಅವರಿಗೆ ಒಂದು ಕೋರಿಕೆ. ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಬ್ಯಾಕಪ್ ತೆಗೆದು, ಮೇಲ್ ನಿಲ್ಲಿಸಿ, ಸ್ಟೋನಿತ್ ಆನ್ ಇದೆಯಾ ಅಂತ ನೋಡಿಕೊಳ್ಳಿ. ಆಮೇಲೆ ಮೇಲ್ ಶುರು ಮಾಡಿ ಸ್ವಿಚ್‌ನ ಪ್ಲಗ್ ಕೀಳಿ. ಮಾರಿದವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕೀಳಿ.

ಇಂತಿ,
ಒಬ್ಬ ಓದುಗ, ಮಡಿಕೇರಿ