ಡಾಂಗಲ್ ಜೊತೆಗೆ ಕನ್ನಡದ ಒಂದು ಹಾಳೆಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಸಿಮ್ ಹಾಕಿ, ಕಂಪ್ಯೂಟರ್‌ಗೆ ಚುಚ್ಚಿ ಇಂಟರ್‌ನೆಟ್ ಪಡೆಯುವ ಡಾಂಗಲ್‌ಗಳ ಕಾಲ ಮುಗಿಯಿತೆಂದು ಬೆಂಗಳೂರಿನವರು ಭಾವಿಸಿರಬಹುದು. ಚಿತ್ರದುರ್ಗ ಜಿಲ್ಲೆಯಲ್ಲಿ ಹಾಗಾಗಿಲ್ಲ. ಫೈಬರ್ ಕೇಬಲ್ ಇನ್ನೂ ತಲುಪದ, ಅಥವಾ ತಲುಪಿದ್ದರೂ ರಸ್ತೆ ಅಗೆದಾಗಲೆಲ್ಲ ತುಂಡಾಗುವ ಊರುಗಳ ಹಾಲಿನ ಡೇರಿ, ಸಹಕಾರ ಸಂಘ, ಗೊಬ್ಬರದ ಅಂಗಡಿ ಮತ್ತು ಜೆರಾಕ್ಸ್ ಅಂಗಡಿಗಳು ಇಂದಿಗೂ ಅದನ್ನೇ ನೆಚ್ಚಿಕೊಂಡಿವೆ. ಫೋನಿನ ಹಾಟ್‌ಸ್ಪಾಟ್ ಸಾಲದೇ ಎಂದು ಕೇಳುವವರಿದ್ದಾರೆ. ಕಾರ್ಯದರ್ಶಿಗಳು ಫೋನ್ ಜೇಬಿನಲ್ಲಿಟ್ಟುಕೊಂಡು ತೋಟಕ್ಕೆ ಹೋದರೆ ಸಂಘದ ಕಂಪ್ಯೂಟರ್ ಕೈಕಟ್ಟಿ ಕೂರುತ್ತದೆ ಎಂಬುದು ಅದಕ್ಕೆ ಉತ್ತರ.

ಚಿತ್ರದುರ್ಗದಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುವ ನನ್ನ ಬಳಿಗೆ ‘ಕೆಟ್ಟುಹೋಗಿದೆ’ ಎಂದು ಬರುವ ಡಾಂಗಲ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಅವನ್ನು ಕಂಪ್ಯೂಟರ್‌ಗೆ ಹೊಂದಿಸುವ ಬಗೆಯನ್ನು ಮಾರುವವರು ಹೇಳಿರುವುದಿಲ್ಲ, ಡಬ್ಬದಲ್ಲಿರುವ ಅಂಗೈಯಗಲದ ಇಂಗ್ಲಿಷ್ ಚೀಟಿಯನ್ನು ಓದುವವರಿರುವುದಿಲ್ಲ. ಒಳ್ಳೆಯ ವಸ್ತುವೊಂದು ಮೂಲೆ ಸೇರಿ ಅದರ ಬದಲಿಗೆ ಇನ್ನೊಂದನ್ನು ಕೊಳ್ಳಲಾಗುತ್ತದೆ. ಈ ನಷ್ಟವನ್ನು ತಪ್ಪಿಸಲು ಅರ್ಧ ಪುಟದ ಕನ್ನಡ ಸಾಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಮೊದಲ ಗೊಂದಲ ಚುಚ್ಚಿದ ಕೂಡಲೇ ಎದುರಾಗುತ್ತದೆ. ಯುಎಸ್‌ಬಿ ಡಾಂಗಲ್‌ಗಳಲ್ಲಿ ಅನೇಕವು ಆರಂಭದಲ್ಲಿ ತಮ್ಮನ್ನು ಮೋಡೆಮ್ (ಇಂಟರ್‌ನೆಟ್ ಸಂಪರ್ಕ ಕೊಡುವ ಸಾಧನ) ಎಂದು ಹೇಳಿಕೊಳ್ಳದೆ ಒಂದು ಸಿ.ಡಿ. ಡ್ರೈವ್ ಎಂದು ಹೇಳಿಕೊಳ್ಳುತ್ತವೆ. ಕಂಪ್ಯೂಟರ್ ಡಾಂಗಲನ್ನು ಗುರುತಿಸಿ ನಡೆಸಲು ಬೇಕಾದ ಡ್ರೈವರ್ ತಂತ್ರಾಂಶವನ್ನು ತಯಾರಕರು ಅದರ ಹೊಟ್ಟೆಯಲ್ಲಿಯೇ ತುಂಬಿ ಕಳುಹಿಸಿರುವುದು ಇದಕ್ಕೆ ಕಾರಣ. ಕಂಪ್ಯೂಟರ್‌ನಲ್ಲಿ ಹೊಸದಾಗಿ ಕಾಣಿಸಿಕೊಂಡ ಆ ಡ್ರೈವನ್ನು ತೆರೆದು, ಒಳಗಿರುವ ಸೆಟಪ್ ಫೈಲ್ ನಡೆಸಿದ ಮೇಲೆ ಸಿ.ಡಿ. ಮರೆಯಾಗಿ ಮೋಡೆಮ್ ಕಾಣಿಸಿಕೊಳ್ಳುತ್ತದೆ. ಇದು ತಿಳಿಯದವರು ‘ನೆಟ್ ಬದಲು ಪೆನ್‌ಡ್ರೈವ್ ಕೊಟ್ಟಿದ್ದಾರೆ’ ಎಂದು ಅಂಗಡಿಯವರೊಡನೆ ಜಗಳಕ್ಕೆ ನಿಂತದ್ದೂ ಉಂಟು. ಕೆಲವು ಶಾಲೆಗಳಲ್ಲಿರುವ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯಲ್ಲಿ ಈ ವೇಷ ಬದಲಿಸುವ ಕೆಲಸವನ್ನು ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ತಂತ್ರಾಂಶ ತಾನೇ ಮಾಡುತ್ತದೆ. ಹೊಸ ಮಾದರಿಯ ಡಾಂಗಲ್‌ಗಳಿಗೆ ಇಷ್ಟು ಕಷ್ಟವಿಲ್ಲ. ಅವು ನೇರವಾಗಿ ನೆಟ್‌ವರ್ಕ್ ಕಾರ್ಡ್ ಆಗಿ ಸೇರಿಕೊಂಡು, ಬ್ರೌಸರ್‌ನಲ್ಲಿ ತೆರೆಯುವ ತಮ್ಮದೇ ಒಂದು ಸೆಟ್ಟಿಂಗ್ಸ್ ಪುಟವನ್ನು ಇಟ್ಟುಕೊಂಡಿರುತ್ತವೆ. ಹುವಾವೇ ಕಂಪನಿಯ ಹಲವು ಮಾದರಿಗಳಲ್ಲಿ ಆ ಪುಟದ ವಿಳಾಸ 192.168.8.1. ಬೇರೆ ಕಂಪನಿಗಳ ವಿಳಾಸ ಸಾಮಾನ್ಯವಾಗಿ ಡಾಂಗಲ್‌ನ ಮುಚ್ಚಳದ ಒಳಬದಿಯ ಚೀಟಿಯಲ್ಲಿರುತ್ತದೆ, ಆ ಚೀಟಿಯನ್ನು ಸಿಮ್ ಹಾಕುವಾಗ ಕಿತ್ತು ಎಸೆಯಬಾರದು.

ಎರಡನೆಯದು ಮತ್ತು ಅತಿ ಹೆಚ್ಚು ಜನರನ್ನು ಕಾಡುವುದು ಎಪಿಎನ್. ಎಪಿಎಂಸಿ ಯಾರ್ಡಿಗೆ ಬಂದ ಗಾಡಿ ಯಾವ ಗೇಟಿನಿಂದ ಒಳಗೆ ಹೋಗಬೇಕು ಎಂದು ಹೇಳುವ ಫಲಕವಿದ್ದಂತೆ, ಸಿಮ್ ಕಂಪನಿಯ ಜಾಲದ ಯಾವ ದ್ವಾರದ ಮೂಲಕ ಇಂಟರ್‌ನೆಟ್‌ಗೆ ಹೋಗಬೇಕೆಂದು ಡಾಂಗಲ್‌ಗೆ ಹೇಳುವ ಹೆಸರು ಇದು. ಜಿಯೊ ಸಿಮ್‌ಗೆ ‘ಜಿಯೊನೆಟ್’, ಬಿಎಸ್‌ಎನ್‌ಎಲ್ ಸಿಮ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್ ಸಿಮ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್’ ಎಂದು ಬರೆದು ಚುಕ್ಕೆಯಿಟ್ಟು ‘ಕಾಮ್’ ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ತುಂಬಬೇಕು. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಮನೆಗಳನ್ನು ಖಾಲಿ ಬಿಡಬೇಕು. ಡಯಲ್ ಮಾಡಬೇಕಾದ ಸಂಖ್ಯೆಯನ್ನು ಕೇಳುವ ಹಳೆಯ ಮಾದರಿಗಳಲ್ಲಿ *99# ಎಂದು ಕೊಟ್ಟರಾಯಿತು. ಅನೇಕ ಡಾಂಗಲ್‌ಗಳು ಸಿಮ್ ನೋಡಿ ಎಪಿಎನ್ ಅನ್ನು ತಾವೇ ಆರಿಸಿಕೊಳ್ಳುತ್ತವೆ, ನಿಜ. ಆದರೆ ಕಡಿಮೆ ದರದ ಆಸೆಗೆ ಅದೇ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿಸಿದಾಗ ಹಳೆಯ ಕಂಪನಿಯ ಎಪಿಎನ್ ಇರುವ ಪ್ರೊಫೈಲ್ ಡಾಂಗಲ್‌ನಲ್ಲಿ ಹಾಗೆಯೇ ಕೂತಿರುತ್ತದೆ. ಸಿಗ್ನಲ್ ಕಡ್ಡಿಗಳು ತುಂಬಿರುತ್ತವೆ, ದೀಪ ಉರಿಯುತ್ತದೆ, ರೀಚಾರ್ಜ್ ಆಗಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಒಂದು ಸಂಘದವರು ಇದೇ ಕಾರಣಕ್ಕೆ ಟವರ್ ಸರಿಯಿಲ್ಲವೆಂದು ಕಂಪನಿಗೆ ದೂರಿನ ಮೇಲೆ ದೂರು ಕೊಟ್ಟಿದ್ದರು. ಪ್ರತಿ ಸಲವೂ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಬಂತೇ ಹೊರತು, ಎಪಿಎನ್ ನೋಡಿದ್ದೀರಾ ಎಂದು ಕೇಳಿದವರು ಒಬ್ಬರೂ ಇಲ್ಲ. ಸರಿಪಡಿಸಲು ಹಿಡಿದದ್ದು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು.

ಸೆಕೆಂಡ್ ಹ್ಯಾಂಡ್ ಡಾಂಗಲ್ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. 2016ರ ಸೆಪ್ಟೆಂಬರ್‌ನಲ್ಲಿ ಸೇವೆ ಆರಂಭಿಸಿದ ಜಿಯೊ ಕಂಪನಿಗೆ 2ಜಿ, 3ಜಿ ಜಾಲ ಇರಲೇ ಇಲ್ಲ. ಏರ್‌ಟೆಲ್ ತನ್ನ 3ಜಿಯನ್ನು 2020ರ ಹೊತ್ತಿಗೆ ದೇಶದಾದ್ಯಂತ ನಿಲ್ಲಿಸಿತು. ಹೀಗಿರುವಾಗ 3ಜಿ ಮಾತ್ರ ಬಲ್ಲ ಡಾಂಗಲ್‌ಗೆ ಈ ಸಿಮ್‌ಗಳನ್ನು ಹಾಕಿ ವೇಗದ ಇಂಟರ್‌ನೆಟ್‌ಗಾಗಿ ಕಾಯುವುದು ವ್ಯರ್ಥ. ಇನ್ನು ಕೆಲವನ್ನು ಮಾರಿದ ಕಂಪನಿಯೇ ತನ್ನ ಸಿಮ್‌ಗೆ ಮಾತ್ರ ಒಪ್ಪುವಂತೆ ಲಾಕ್ ಮಾಡಿರುತ್ತದೆ. ಡಾಂಗಲ್‌ಗೂ ಫೋನಿನಂತೆ ಐಎಂಇಐ ಎಂಬ ಗುರುತಿನ ಸಂಖ್ಯೆ ಇರುವುದರಿಂದ, ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು ಜಾಗ ಬಿಟ್ಟು ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಅದು ನಿರ್ಬಂಧಿತ ವಸ್ತುವೇ ಎಂಬುದು ತಿಳಿಯುತ್ತದೆ. ಹಣ ಕೊಡುವ ಮುಂಚೆ ಇದನ್ನು ಮಾಡುವುದು ಕ್ಷೇಮ. ಸಿಮ್‌ಗೆ ಪಿನ್ ಹಾಕಿದ್ದರೆ ಊಹಿಸಿ ಒತ್ತುತ್ತ ಹೋಗಬಾರದು. ಮೂರು ಸಲ ತಪ್ಪಿದರೆ ಬೀಗ ತೆಗೆಯುವ ಪಿಯುಕೆ ಸಂಖ್ಯೆಯನ್ನು ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ಬದುಕುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಡಾಂಗಲ್ ಪದೇ ಪದೇ ಕಡಿದುಹೋಗುತ್ತಿದ್ದರೆ ಅದನ್ನು ಎಲ್ಲಿ ಚುಚ್ಚಿದ್ದೀರಿ ಎಂದು ನೋಡಬೇಕು. ದೂರದ ಟವರ್‌ನೊಡನೆ ಮಾತನಾಡಲು ಮೋಡೆಮ್ ಹೆಚ್ಚು ವಿದ್ಯುತ್ ಬೇಡುತ್ತದೆ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಹಳೆಯ ಡೆಸ್ಕ್‌ಟಾಪ್‌ನ ಮುಂಬದಿಯ ಪೋರ್ಟ್, ಅದಕ್ಕೆ ಸೇರಿಸಿದ ತೆಳು ಎಕ್ಸ್‌ಟೆನ್ಷನ್ ವೈರ್, ಇಲ್ಲವೇ ನಾಲ್ಕು ಕಿವಿಯ ಹಬ್, ಇವುಗಳಿಂದ ಅನೇಕ ವೇಳೆ ಅಷ್ಟು ವಿದ್ಯುತ್ ಸಿಗುವುದಿಲ್ಲ. ಸಿ.ಪಿ.ಯು. ಹಿಂಬದಿಯ ಪೋರ್ಟ್‌ಗೆ ಬದಲಿಸಿದರೆ ಅರ್ಧ ತೊಂದರೆ ನಿಲ್ಲುತ್ತದೆ. ಮಿಕ್ಕ ಅರ್ಧ ನಮ್ಮ ನೆಲದ್ದು. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮಗ್ಗುಲಿನಲ್ಲಿ, ಬಂಡೆಯ ನೆರಳಿನಲ್ಲಿ ಇರುವ ಮನೆಗಳಿಗೆ ಟವರ್ ಸಮೀಪವಿದ್ದರೂ ಸಿಗ್ನಲ್ ಕ್ಷೀಣವಾಗಿರುತ್ತದೆ. ತಗಡಿನ ಶೀಟ್ ಹೊದಿಸಿದ ಅಂಗಡಿಯೊಳಗಂತೂ ಇನ್ನೂ ಕಡಿಮೆ. ಕಡ್ಡಿಗಳನ್ನು ನಂಬುವುದಕ್ಕಿಂತ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂದು ತೋರುವ, ಸಿಗ್ನಲ್‌ನ ಬಲವನ್ನು ಹೇಳುವ ಸಂಖ್ಯೆಯನ್ನು ಓದುವುದು ಮೇಲು. ಅದು ಮೈನಸ್ 80, 90ರ ಆಸುಪಾಸಿನಲ್ಲಿದ್ದರೆ ಕೆಲಸ ಸಲೀಸು, ಮೈನಸ್ 110ಕ್ಕಿಂತ ಕೆಳಗಿಳಿದರೆ ಡಾಂಗಲನ್ನು ಕಿಟಕಿಯ ಕಡೆಗೆ ಒಯ್ಯಬೇಕು. ಅಷ್ಟು ದೂರ ವೈರ್ ಎಳೆಯುವ ಬದಲು, ವೈಫೈ ಕೊಡುವ ಮಾದರಿಯನ್ನು ಕಿಟಕಿಯ ಬಳಿ ಚಾರ್ಜರ್‌ಗೆ ಹಾಕಿಡುವುದು ವಾಸಿ.

ಡೇಟಾ ಖಾಲಿಯಾಗುವ ದೂರಿಗೂ ಇಲ್ಲೇ ಉತ್ತರ ಹೇಳಬಹುದು. ದಿನಕ್ಕೆ ಒಂದೂವರೆ ಜಿ.ಬಿ.ಯ ಪ್ಲಾನ್ ಹಾಕಿಸಿದವರ ಕಂಪ್ಯೂಟರ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಶುರುವಾದರೆ ಬೆಳಗಿನ ಕಾಫಿಯ ಹೊತ್ತಿಗೇ ಅದು ತೀರಿ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಪಹಣಿಯ ಪುಟವೂ ಪೂರ್ತಿ ತೆರೆದುಕೊಳ್ಳುವುದಿಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಈ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿದರೆ ದೊಡ್ಡ ಅಪ್‌ಡೇಟ್‌ಗಳು ತಡೆದು ನಿಲ್ಲುತ್ತವೆ. ಅಡಿಕೆ ಗೋದಾಮಿನ ಸಿಸಿಟಿವಿಯನ್ನು ಡಾಂಗಲ್ ಮೂಲಕ ಹೊರಗಿನಿಂದ ನೋಡಬಯಸುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಇಂಟರ್‌ನೆಟ್‌ನಲ್ಲಿ ಸಾಧನವನ್ನು ಗುರುತಿಸುವ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಬಹಳ ಗ್ರಾಹಕರಿಗೆ ಹಂಚುವುದರಿಂದ ಹೊರಗಿನಿಂದ ನೇರವಾಗಿ ಆ ಕ್ಯಾಮೆರಾವನ್ನು ತಲುಪಲಾಗುವುದಿಲ್ಲ. ತಯಾರಕರ ಸರ್ವರ್ ಮೂಲಕ ಚಿತ್ರ ತೋರಿಸುವ ಕ್ಲೌಡ್ ಸೇವೆಯ ಆ್ಯಪ್ ಇರುವ ಕ್ಯಾಮೆರಾವನ್ನೇ ಕೊಳ್ಳಬೇಕು.

ಮೇಲೆ ಹೇಳಿದ್ದರಲ್ಲಿ ಇಂಜಿನಿಯರ್ ಮಾತ್ರ ಮಾಡಬಲ್ಲದ್ದು ಯಾವುದೂ ಇಲ್ಲ. ಓದಲು ಬರುವ ಭಾಷೆಯಲ್ಲಿ ಬರೆದುಕೊಟ್ಟರೆ ಪಿಯುಸಿ ಓದುವ ಹುಡುಗಿಯೂ ಮಾಡಿಯಾಳು. ಬರೆದುಕೊಡುವ ಹೊಣೆ ಯಾರದು ಎಂಬುದೇ ತೊಡಕು. ಪೊಟ್ಟಣ ಸಾಮಗ್ರಿಗಳ ಕುರಿತ 2011ರ ಕೇಂದ್ರದ ಕಾನೂನುಬದ್ಧ ಮಾಪನ ನಿಯಮಗಳು, ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕೆನ್ನುತ್ತವೆ. ಅವುಗಳ ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲವೆಂದಷ್ಟೇ ಹೇಳುತ್ತವೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಡಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶ, ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು ಹೇಳುವುದು ರಾಜ್ಯದೊಳಗೆ ತಯಾರಾಗುವ ವಸ್ತುಗಳಿಗೆ. ಹೊರಗಿನಿಂದ ಬರುವ ಡಾಂಗಲ್ ಇವೆರಡರ ನಡುವಿನ ಸಂದಿಯಲ್ಲಿ ನುಸುಳಿಹೋಗುತ್ತದೆ. ಆದೇಶದ ವ್ಯಾಪ್ತಿಯನ್ನು ರಾಜ್ಯದಲ್ಲಿ ಮಾರಾಟವಾಗುವ ದೂರಸಂಪರ್ಕ ಸಾಧನಗಳ ಬಳಕೆಯ ಸೂಚನೆಗೂ ವಿಸ್ತರಿಸಲು ಸಾಧ್ಯವೇ ಎಂಬುದನ್ನು ಸರ್ಕಾರ ಪರಿಶೀಲಿಸಬೇಕು.

ಅದಕ್ಕೆ ಕಾಲ ಹಿಡಿದೀತು. ಅಷ್ಟರಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ಸಿಮ್ ಕಂಪನಿಗಳು ಸಿಮ್ ಕಾರ್ಡಿನ ಲಕೋಟೆಯ ಮೇಲೆ, ಅದರಲ್ಲೂ ಪೋರ್ಟ್ ಆಗಿ ಬಂದ ಗ್ರಾಹಕರಿಗೆ ಕೊಡುವ ಲಕೋಟೆಯ ಮೇಲೆ, ಎಪಿಎನ್ ಅನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಲಿ. ಡಾಂಗಲ್ ಮಾರುವ ಅಂಗಡಿಯವರು ಗ್ರಾಹಕರ ಎದುರಿಗೇ ಅದನ್ನು ಒಂದು ಲ್ಯಾಪ್‌ಟಾಪ್‌ಗೆ ಚುಚ್ಚಿ, ಪುಟವೊಂದು ತೆರೆಯುವುದನ್ನು ತೋರಿಸಿದ ಮೇಲೆ ಬಿಲ್ ಬರೆಯಲಿ. ಜಿಲ್ಲಾ ಪಂಚಾಯಿತಿಯು ಮೇಲಿನ ವಿವರಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಗ್ರಾಮ ಒನ್ ಕೇಂದ್ರಗಳಿಗೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೂ ಕಳುಹಿಸಲಿ. ಹಾಳೆಯ ಕರಡನ್ನು ಸಿದ್ಧಪಡಿಸಿಕೊಡುವ ಕೆಲಸವನ್ನು ಯಾವ ಸಂಭಾವನೆಯೂ ಇಲ್ಲದೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿಗಾರ, ಚಿತ್ರದುರ್ಗ