ಏಪ್ರಿಲ್ 1ರಿಂದ ವರ್ಚುವಲ್ ಸಭಾಂಗಣ ಹಗಲು ರಾತ್ರಿ ತೆರೆದಿರುವುದಿಲ್ಲ

ವೈದ್ಯರು, ಸಿವಿಲ್ ಎಂಜಿನಿಯರುಗಳು, ತೆರಿಗೆ ಸಲಹೆಗಾರರು ಮತ್ತು ಫಾರ್ಮಸಿಸ್ಟರ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ತರಬೇತಿ ಸಂಚಾಲಕರಿಗೆ,

ನಮಸ್ಕಾರ.

ಸುತ್ತುಬಳಸದೆ ವಿಷಯಕ್ಕೆ ಬರುತ್ತೇವೆ. ಏಪ್ರಿಲ್ 1ರಿಂದ ನಮ್ಮ ಮೂರು ಆಯಾಮದ ಸಭಾಂಗಣ (ಫೋನ್, ಲ್ಯಾಪ್‌ಟಾಪ್‌ನಿಂದ ಅವತಾರವೆಂಬ ಗೊಂಬೆಯ ರೂಪದಲ್ಲಿ ಒಳಹೊಕ್ಕು ಓಡಾಡುವ ಜಾಗ) ತರಗತಿ ನಿಗದಿಯಾದಾಗ ಮಾತ್ರ ತೆರೆಯುತ್ತದೆ: ಅರ್ಧ ಗಂಟೆ ಮುಂಚೆ ಶುರು, ಮುಗಿದ ಅರ್ಧ ಗಂಟೆಗೆ ಬಂದ್. ಉಪನ್ಯಾಸಗಳೆಲ್ಲ ಬಿಗ್‌ಬ್ಲೂಬಟನ್ ಎಂಬ ವಿಡಿಯೊ ತರಗತಿಗೆ ಹೋಗುತ್ತವೆ. ಸಭಾಂಗಣವನ್ನು ಇನ್ನು ಮೇಲೆ ಕೈಯಾರೆ ಮಾಡಿ ಕಲಿಯುವ ಅಭ್ಯಾಸಗಳಿಗಷ್ಟೇ ಕೊಡುತ್ತೇವೆ, ಕೋಣೆಗೆ 20 ಮಂದಿಯಂತೆ. ವರ್ಷಕ್ಕೊಮ್ಮೆ ಕಟ್ಟುತ್ತಿದ್ದ ಇಡಿಗಂಟಿನ ಶುಲ್ಕದ ಬದಲು ತರಗತಿಯ ಗಂಟೆ ಲೆಕ್ಕ ಬರುತ್ತದೆ. ಮೂಡಲ್ ಎಂಬ ನಮ್ಮ ಕಲಿಕಾ ಜಾಲತಾಣದಲ್ಲಿರುವ ಪಾಠ, ಪ್ರಶ್ನೆಗಳ ಕಣಜ, ಪ್ರಮಾಣಪತ್ರಗಳು ಇದ್ದಲ್ಲೇ ಇರುತ್ತವೆ. ಅವಕ್ಕೆ ಪ್ರತ್ಯೇಕ ಶುಲ್ಕ ಇಲ್ಲ.

ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲೇ ಈ ಪತ್ರ ನಿಮ್ಮ ಕೈಸೇರುತ್ತಿದೆ, ಅದಕ್ಕೆ ಕ್ಷಮೆ ಕೋರುತ್ತೇವೆ. ಬಜೆಟ್ ಸಭೆ ಆಗಲೇ ಮುಗಿಸಿದ ಸಂಘಗಳಿಗೆ ಜೂನ್ 30ರವರೆಗೆ ಹಳೆಯ ದರವೇ ನಡೆಯುತ್ತದೆ. ಆದರೆ ಬದಲಾವಣೆಗಾಗಿ ಕ್ಷಮೆ ಕೇಳುವ ಅಗತ್ಯ ನಮಗೆ ಕಾಣುತ್ತಿಲ್ಲ. "ಮುಂದಕ್ಕೆ ಹೋಗುವುದು ಬಿಟ್ಟು ಹಿಂದಕ್ಕೆ ಬರುತ್ತಿದ್ದೀರಿ" ಎನ್ನುವವರು ದಯವಿಟ್ಟು ಕೆಳಗಿನ ಲೆಕ್ಕ ನೋಡಬೇಕು.

ನಮ್ಮ ಸಭಾಂಗಣ ಮೊದಲಿದ್ದದ್ದು ಮೊಜಿಲ್ಲಾದ ಹಬ್ಸ್ ಎಂಬ ವರ್ಚುವಲ್ ಕೋಣೆಗಳ ಸೇವೆಯಲ್ಲಿ. 2024ರ ಮೇ 31ರಂದು ಮೊಜಿಲ್ಲಾ ಆ ಸೇವೆಯನ್ನು ನಿಲ್ಲಿಸಿದಾಗ ಏನೇನಾಯಿತು ಎಂಬುದು ನಿಮಗೆ ಗೊತ್ತೇ ಇದೆ. ತಂತ್ರಾಂಶದ ಮೂಲ ಸಂಕೇತ ಮುಕ್ತವಾಗಿದ್ದರಿಂದ ಸಭಾಂಗಣ ನಮ್ಮದೇ ಸರ್ವರ್‌ಗೆ ಬಂತು, ಖರ್ಚೂ ನಮ್ಮ ತಲೆಗೇ ಬಂತು. ಸರ್ವರ್ ತಿಂಗಳಿಗೆ 720 ಗಂಟೆ ಓಡುತ್ತದೆ. ಎಲ್ಲ ಸಂಘಗಳ ತರಗತಿಗಳನ್ನು ಕೂಡಿಸಿದರೂ ಬೇಕಾಗುವುದು 40 ಗಂಟೆ ಚಿಲ್ಲರೆ. ಉಳಿದ ಹೊತ್ತೆಲ್ಲ ಖಾಲಿ ಛತ್ರಕ್ಕೆ ದೀಪ ಹಚ್ಚಿಟ್ಟಂತೆ. ತಿಂಗಳಿಗೆ ಎರಡೇ ತರಗತಿ ನಡೆಸುವ ಜಿಲ್ಲಾ ಫಾರ್ಮಸಿಸ್ಟರ ಸಂಘ ಈ ದೀಪದ ಬಿಲ್ಲಿನಲ್ಲಿ ದೊಡ್ಡ ಸಂಘದಷ್ಟೇ ಪಾಲು ಕೊಡುತ್ತಿತ್ತು. ಅದು ನ್ಯಾಯವಲ್ಲ.

ಈ ಕ್ಷೇತ್ರದಲ್ಲಿ ಇಂಥದ್ದು ಹೊಸತೂ ಅಲ್ಲ. ಅಮೆರಿಕದ ಗ್ರಂಥಪಾಲಕರ ಸಂಘವೂ ಸೇರಿ ಎಷ್ಟೋ ವೃತ್ತಿಪರ ಸಂಘಗಳು, ವಿಶ್ವವಿದ್ಯಾಲಯಗಳು ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದಲ್ಲಿ ಸ್ವಂತ ದ್ವೀಪ ಮಾಡಿಕೊಂಡಿದ್ದವು. ಶಿಕ್ಷಣ ಮತ್ತು ಲಾಭರಹಿತ ಸಂಸ್ಥೆಗಳಿಗಿದ್ದ ಅರ್ಧ ದರದ ರಿಯಾಯಿತಿಯನ್ನು 2011ರ ಜನವರಿಯಿಂದ ತೆಗೆಯುವುದಾಗಿ ಅದನ್ನು ನಡೆಸುವ ಲಿಂಡೆನ್ ಲ್ಯಾಬ್ ಕಂಪನಿ ಹೇಳಿದ್ದೇ ತಡ, ಹಲವರು ದ್ವೀಪ ಬಿಟ್ಟು, ಅಂಥದೇ ಲೋಕವನ್ನು ಸ್ವಂತ ಸರ್ವರ್‌ನಲ್ಲಿ ಕಟ್ಟಿಕೊಳ್ಳುವ ಮುಕ್ತ ತಂತ್ರಾಂಶ ಓಪನ್‌ಸಿಮ್ಯುಲೇಟರ್ ಕಡೆ ಹೊರಟರು. 2013ರಲ್ಲಿ ರಿಯಾಯಿತಿ ಮತ್ತೆ ಬಂತು, ಹೋದವರೆಲ್ಲ ಬರಲಿಲ್ಲ. ಮೈಕ್ರೋಸಾಫ್ಟ್‌ನ ವರ್ಚುವಲ್ ಸಭಾ ತಾಣ ಆಲ್ಟ್‌ಸ್ಪೇಸ್‌ವಿಆರ್ 2023ರ ಮಾರ್ಚ್ 10ರಂದು ಮುಚ್ಚಿತು. ಇನ್ನೊಬ್ಬರ ಜಾಗದಲ್ಲಿ ಕಟ್ಟಿದ ಸಭಾಂಗಣದ ಪಾಡು ಅದು. ನಮ್ಮದು ಗಾತ್ರದಲ್ಲಿ ಚಿಕ್ಕದಿರಬಹುದು, ಆದರೆ ಯಾರೂ ರಾತ್ರೋರಾತ್ರಿ ಬೀಗ ಹಾಕಲಾರರು.

ಈಗ ನಾವು ಮತ್ತೆ ಮತ್ತೆ ಕೇಳುತ್ತಿರುವ ದೂರು: "ನಿಮ್ಮ ಸರ್ವರ್ ಸ್ಲೋ. ಸಭಾಂಗಣಕ್ಕೆ ಬಂದ ಎರಡೇ ನಿಮಿಷಕ್ಕೆ ಫೋನ್ ಕಾಯುತ್ತದೆ, ಆಮೇಲೆ ಹೊರಗೆ ಬೀಳುತ್ತೇವೆ."

ಹೊರಗೆ ಬೀಳುವುದು ನಿಜ. ಅದಕ್ಕೆ ಬಹುಪಾಲು ಕಾರಣ ಸರ್ವರ್ ಅಲ್ಲ, ಗೋಡೆಯ ಮೇಲಿನ ಬ್ಯಾನರ್. ಪ್ರಾಯೋಜಕರ ಕಡೆಯಿಂದ ಬರುವ ಚಿತ್ರ ಸಾಮಾನ್ಯವಾಗಿ ಮುದ್ರಣಕ್ಕೆ ಮಾಡಿದ್ದು. ಸಭಾಂಗಣದಲ್ಲಿ ಅದು 4096×4096 ಪಿಕ್ಸೆಲ್ ಆಗಿ ಕೂರುತ್ತದೆ. ಜೆಪೆಗ್ ಕಡತ 600 ಕೆಬಿ ಇದ್ದರೆ "ಇಷ್ಟೇ ತಾನೆ" ಅನಿಸುತ್ತದೆ. ಆದರೆ ಆ 600 ಕೆಬಿ ದಾರಿಯಲ್ಲಿ ಬರುವಾಗಿನ ತೂಕ ಮಾತ್ರ. ಗೋಡೆಗೆ ಅಂಟಿಸಬೇಕಾದರೆ ಫೋನ್ ಅದನ್ನು ಪೂರ್ತಿ ಬಿಡಿಸಬೇಕು, ಪ್ರತಿ ಪಿಕ್ಸೆಲ್‌ಗೆ 4 ಬೈಟ್. ಅಲ್ಲಿಗೆ 64 ಎಂಬಿ. ದೂರದಿಂದ ನೋಡುವಾಗ ಬಳಸಲು ಅದೇ ಚಿತ್ರದ ಚಿಕ್ಕ ಪ್ರತಿಗಳನ್ನೂ ಇಟ್ಟುಕೊಳ್ಳುವುದರಿಂದ ಇನ್ನೂ ಮೂರನೇ ಒಂದು ಪಾಲು ಸೇರಿ ಸುಮಾರು 85 ಎಂಬಿ. ಇಂಥ ಆರು ಬ್ಯಾನರ್ ತೂಗಿದರೆ 512 ಎಂಬಿ. ಫೋನ್‌ಗಳು ತಾಳಿಕೊಳ್ಳಬೇಕಾದರೆ ಇಡೀ ಕೋಣೆಯ ಎಲ್ಲ ಚಿತ್ರಗಳೂ ಸೇರಿ 256 ಎಂಬಿ ದಾಟಬಾರದು ಎಂಬುದು ಹಬ್ಸ್ ಕೋಣೆ ಕಟ್ಟುವವರ ಲೆಕ್ಕ. ಬ್ಯಾನರ್‌ಗಳೇ ಅದರ ಎರಡರಷ್ಟು ತಿಂದುಬಿಟ್ಟಾಗ ಐಫೋನಿನಲ್ಲಿ ಪುಟ ತಂತಾನೇ ಮರುಲೋಡ್ ಆಗುತ್ತದೆ, ಆಂಡ್ರಾಯ್ಡ್‌ನಲ್ಲಿ ಪರದೆ ಕಪ್ಪಾಗುತ್ತದೆ. ನಾವು ಎಷ್ಟು ದೊಡ್ಡ ಸರ್ವರ್ ತಂದರೂ ಇದು ಸರಿಹೋಗದು, ಏಕೆಂದರೆ ತುಂಬಿದ್ದು ಸರ್ವರ್‌ನ ಮೆಮೊರಿಯಲ್ಲ, ಕೈಯಲ್ಲಿರುವ ಫೋನಿನದು.

ಅದೇ ಆರು ಬ್ಯಾನರ್‌ಗಳನ್ನು 1024×1024ಕ್ಕೆ ಇಳಿಸಿದರೆ ಒಟ್ಟು 32 ಎಂಬಿ. ಏಪ್ರಿಲ್‌ನಿಂದ ಅಪ್‌ಲೋಡ್ ಆಗುವಾಗಲೇ ಈ ಗಾತ್ರಕ್ಕೆ ಇಳಿಸಿ, ಫೋನಿನ ಮೆಮೊರಿಯಲ್ಲೂ ಅದುಮಿಕೊಂಡೇ ಇರುವ ಕೆಟಿಎಕ್ಸ್2 ರೂಪಕ್ಕೆ ಬದಲಿಸುತ್ತೇವೆ. ಹೀಗೆ ಅದುಮಿದರೆ ಚಿಕ್ಕ ಅಕ್ಷರ ಮಸುಕಾಗುತ್ತದೆ. ಕನ್ನಡದ ಒತ್ತಕ್ಷರಗಳೇ ಮೊದಲು ಕಲಸಿಹೋಗುವುದು. ಆದ್ದರಿಂದ ಬ್ಯಾನರ್‌ನಲ್ಲಿ ಹೆಸರು, ಚಿಹ್ನೆ, ಒಂದು ಸಾಲು ಸಾಕು. ಔಷಧದ ಪೂರ್ಣ ವಿವರ, ಸಿಮೆಂಟ್ ದರ್ಜೆಯ ಕೋಷ್ಟಕ ಇವೆಲ್ಲ ಪಿಡಿಎಫ್ ಆಗಿ ಮೂಡಲ್‌ನಲ್ಲಿರಲಿ. "ಹಣ ಕೊಟ್ಟವರು ಒಪ್ಪುವುದಿಲ್ಲ" ಎಂಬ ನಿಮ್ಮ ಕಷ್ಟ ಅರ್ಥವಾಗುತ್ತದೆ. ಅವರಿಗೆ ಈ ಪ್ಯಾರಾವನ್ನೇ ತೋರಿಸಿ. ಸಭಿಕರೇ ಹೊರಗೆ ಬಿದ್ದ ಮೇಲೆ ಬ್ಯಾನರ್ ನೋಡುವವರು ಯಾರು?

ಎರಡನೆಯ ಕಾರಣ ಧ್ವನಿ. ಸಭಾಂಗಣದಲ್ಲಿ ಹತ್ತಿರದವರ ಮಾತು ಜೋರಾಗಿ, ದೂರದವರದು ಮೆಲ್ಲಗೆ ಕೇಳಿಸುವುದು ಚೆಂದವೇ. ಅದಕ್ಕಾಗಿ ಫೋನ್ ಪ್ರತಿಯೊಬ್ಬರ ಧ್ವನಿಯನ್ನೂ ಬೇರೆ ಬೇರೆಯಾಗಿ ಬಿಡಿಸಿ, ದೂರ ದಿಕ್ಕು ಲೆಕ್ಕ ಹಾಕುತ್ತಿರಬೇಕು. 25 ಮಂದಿಯ ಕೋಣೆಯಲ್ಲಿ ಒಬ್ಬೊಬ್ಬರ ಫೋನಿಗೂ 24 ಧ್ವನಿಧಾರೆ, ಇಡೀ ಕೋಣೆಗೆ 600. 20 ಮಂದಿಯಾದರೆ 380. ಐದೇ ಜನ ಕಡಿಮೆಯಾದರೂ ಹೊರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. 20ರ ಮಿತಿ ಬಂದದ್ದು ಹೀಗೆ. ಅಧ್ಯಕ್ಷರಿಗಾಗಿ 21ನೇ ಕುರ್ಚಿ ಹಾಕಿ ಎಂದು ದಯವಿಟ್ಟು ಕೇಳಬೇಡಿ.

ತಪ್ಪು ಫೋನಿನದೋ ಸರ್ವರ್‌ನದೋ ಎಂದು ನೀವೇ ಪತ್ತೆಹಚ್ಚಬಹುದು. ಒಂದೇ ಕೋಣೆಗೆ ಪಕ್ಕದಲ್ಲಿ ಲ್ಯಾಪ್‌ಟಾಪ್‌ನಿಂದಲೂ ಬನ್ನಿ. ಲ್ಯಾಪ್‌ಟಾಪ್ ಸರಾಗವಾಗಿದ್ದು ಫೋನ್ ಮಾತ್ರ ಬಿದ್ದರೆ ಮೆಮೊರಿಯ ತೊಂದರೆ. ಎರಡರಲ್ಲೂ ನಿಮಗೊಬ್ಬರಿಗೇ ಧ್ವನಿ ತುಂಡಾದರೆ ನಿಮ್ಮ ನೆಟ್‌ವರ್ಕ್. ಎಲ್ಲರಿಗೂ ಒಂದೇ ಕ್ಷಣಕ್ಕೆ ನಿಂತರೆ ಅದು ನಮ್ಮ ಕಡೆಯದು. ಆಗ ಫೋನ್ ಮಾಡಿ, ಬೈಯುವುದಿದ್ದರೆ ಆಗಲೇ ಬೈದುಬಿಡಿ.

ಬಿಗ್‌ಬ್ಲೂಬಟನ್‌ಗೆ ಬಂದರೆ, ಮನೆಯಿಂದ ಸೇರುವವರಿಗೆ ತೊಂದರೆ ಕಡಿಮೆ. ಆಸ್ಪತ್ರೆ, ಕಚೇರಿಗಳ ವೈಫೈಯಲ್ಲಿ ಸೇರುವವರದೇ ಪೇಚು. ಧ್ವನಿ ಮತ್ತು ವಿಡಿಯೊ ಯುಡಿಪಿ 16384ರಿಂದ 32768ರವರೆಗಿನ ಪೋರ್ಟ್‌ಗಳಲ್ಲಿ, ಅಂದರೆ ನೆಟ್‌ವರ್ಕ್‌ನ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ, ಓಡುತ್ತವೆ. ಅಲ್ಲಿನ ಫೈರ್‌ವಾಲ್, ಅಂದರೆ ನೆಟ್‌ವರ್ಕ್‌ನ ಕಾವಲು, ಇವನ್ನು ತಡೆಹಿಡಿದರೆ ಸ್ಲೈಡ್ ಕಾಣುತ್ತದೆ, ಚಾಟ್ ನಡೆಯುತ್ತದೆ, ಧ್ವನಿ ಮಾತ್ರ ಇಲ್ಲ. ಅಂಥವರ ಸಂಪರ್ಕವನ್ನು ನಾವು ಟರ್ನ್ ಎಂಬ ಮಧ್ಯವರ್ತಿ ಸರ್ವರ್ ಮೂಲಕ, ಜಾಲತಾಣಗಳು ಬಳಸುವ 443ನೇ ಪೋರ್ಟ್‌ಗೆ ತಿರುಗಿಸುತ್ತೇವೆ. ಮಾತು ಕೊಂಚ ತಡವಾಗಿ ತಲುಪಿದರೂ ತಲುಪುತ್ತದೆ. ನಿಮ್ಮಲ್ಲಿ ಐಟಿ ನೋಡಿಕೊಳ್ಳುವವರಿದ್ದರೆ ನಮ್ಮ ಸರ್ವರ್ ವಿಳಾಸಕ್ಕಷ್ಟೇ ಆ ಪೋರ್ಟ್‌ಗಳನ್ನು ಬಿಡಲು ಹೇಳಿ. ಹಾಗಾದರೆ ಈ ಸುತ್ತುದಾರಿ ಬೇಕಿಲ್ಲ.

ಈ ಸುತ್ತುದಾರಿಗೂ ದುಡ್ಡು ಬೇಕು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. 100 ಮಂದಿ ಒಂದು ಗಂಟೆಯ ಉಪನ್ಯಾಸವನ್ನು ತಲಾ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ನೋಡಿದರೆ ನಮ್ಮಿಂದ ಹೊರಗೆ ಹರಿಯುವುದು 45 ಜಿಬಿ. ಅವರಲ್ಲಿ 30 ಮಂದಿ ಟರ್ನ್ ದಾರಿಯಲ್ಲಿದ್ದರೆ ಅವರ ಪಾಲಿನ 13.5 ಜಿಬಿ ಮೊದಲು ಟರ್ನ್ ಸರ್ವರ್‌ಗೆ, ಅಲ್ಲಿಂದ ಅವರಿಗೆ ಎಂದು ಎರಡು ಸಲ ಹರಿಯುತ್ತದೆ, ಬಿಲ್ಲೂ ಎರಡು ಸಲ. ಕ್ಯಾಮೆರಾಗಳ ಕಥೆ ಇನ್ನೂ ದೊಡ್ಡದು. 20 ಮಂದಿಯ ತರಗತಿಯಲ್ಲಿ ಉಪನ್ಯಾಸಕರ ಕ್ಯಾಮೆರಾ ಮಾತ್ರ ಇದ್ದರೆ ಸರ್ವರ್ ಕಳುಹಿಸಬೇಕಾದದ್ದು 19 ವಿಡಿಯೊ ಧಾರೆ. ಎಲ್ಲರೂ ತೆರೆದರೆ 380. ಸಭಿಕರ ಕ್ಯಾಮೆರಾಗೆ ಮೊದಲೇ ಬೀಗ ಹಾಕಿರುವುದು ಜಿಪುಣತನದಿಂದಲ್ಲ. ಪ್ರಶ್ನೋತ್ತರದ ಹೊತ್ತಿಗೆ ಸಂಚಾಲಕರು ಒಬ್ಬೊಬ್ಬರದೇ ತೆರೆಯಬಹುದು.

ಧ್ವನಿಮುದ್ರಿಕೆಯ ಕನ್ನಡ ಉಪಶೀರ್ಷಿಕೆಯ ಖರ್ಚನ್ನು ಹೇಳಲೇಬೇಕು. ಯಂತ್ರ ಬರೆದುಕೊಡುವ ಪಠ್ಯ ದಿನಬಳಕೆಯ ಮಾತಿಗೆ ಪರವಾಗಿಲ್ಲ. ವೈದ್ಯರು ಕನ್ನಡ ವಾಕ್ಯದ ನಡುವೆ ಔಷಧದ ಹೆಸರು, ಮಿಲಿಗ್ರಾಂ ಹೇಳುವಲ್ಲಿ ಎಡವುತ್ತದೆ, ಅಲ್ಲೇ ತಪ್ಪಿರಬಾರದು. ಹಾಗಾಗಿ ಮನುಷ್ಯರೇ ಕೂತು ಕೇಳಿ ತಿದ್ದುತ್ತಾರೆ. ಒಂದು ಗಂಟೆಯ ಉಪನ್ಯಾಸ ತಿದ್ದಲು ಅರ್ಧ ದಿನ ಬೇಕು. ಬೇಡವೆನ್ನುವ ಸಂಘ ಇದನ್ನು ಬಿಡಬಹುದು, ದರದಲ್ಲಿ ಕಳೆಯುತ್ತೇವೆ. ತಿದ್ದದ ಉಪಶೀರ್ಷಿಕೆಯನ್ನಂತೂ ಹಾಕುವುದಿಲ್ಲ.

ಹೊಸ ದರ: 100 ಮಂದಿಯವರೆಗಿನ ಉಪನ್ಯಾಸಕ್ಕೆ ಗಂಟೆಗೆ ₹1,800, ಉಪಶೀರ್ಷಿಕೆ ಬೇಡದಿದ್ದರೆ ₹1,100. ಅಭ್ಯಾಸದ ಕೋಣೆಗೆ ಗಂಟೆಗೆ ₹2,400. ಎಲ್ಲಕ್ಕೂ ಶೇ 18 ಜಿಎಸ್‌ಟಿ ಸೇರುತ್ತದೆ. ತಿಂಗಳಿಗೆ ಎರಡು ಮೂರು ತರಗತಿ ನಡೆಸುವವರಿಗೆ ಹಳೆಯದಕ್ಕಿಂತ ಕಡಿಮೆ ಬೀಳುತ್ತದೆ. ವಾರಕ್ಕೆರಡು ನಡೆಸುವವರಿಗೆ ಹೆಚ್ಚು, ಮುಚ್ಚಿಡುವುದೇನಿದೆ. "ಜೂಮ್ ಪುಕ್ಕಟೆ ಅಲ್ಲವೇ?" ಎಂದರೆ, ಪುಕ್ಕಟೆ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ, ನಡುವೆ ಪ್ರಶ್ನೆ ಕೇಳಿ, ಅಂಕ ಕೊಟ್ಟು, ಪ್ರಮಾಣಪತ್ರಕ್ಕೆ ಜೋಡಿಸುವ ಕೆಲಸ ನಿಮ್ಮ ಕಾರ್ಯದರ್ಶಿಯ ತಲೆಗೆ ಬರುತ್ತದೆ. ಮಾಡಲು ಸಿದ್ಧರಿದ್ದರೆ ನಮ್ಮ ಅಡ್ಡಿಯಿಲ್ಲ.

ಯಾವುದಕ್ಕೆ ಸಭಾಂಗಣ, ಯಾವುದಕ್ಕೆ ಬೇಡ? 2025ರ ಸೆಪ್ಟೆಂಬರ್ 22ರಿಂದ ಬದಲಾದ ಜಿಎಸ್‌ಟಿ ದರಗಳನ್ನು ತಿಳಿಯಲು ಅವತಾರ ಎತ್ತಬೇಕಿಲ್ಲ. ಸ್ಲೈಡ್, ಉದಾಹರಣೆ ಬಿಲ್ಲು, ಐದು ಪ್ರಶ್ನೆ ಸಾಕು. ಕಟ್ಟಡದ ಸಾರುವೆ (ಸ್ಕ್ಯಾಫೋಲ್ಡಿಂಗ್) ತಪಾಸಣೆ ಹಾಗಲ್ಲ. ಸಾರುವೆ ಸುರಕ್ಷತೆಯ ಭಾರತೀಯ ಮಾನಕ ಐಎಸ್ 3696 ಓದಿದವರೂ ನಿಜವಾದ ಸಾರುವೆಯ ಕೆಳಗೆ ನಿಂತಾಗ ಅಡ್ಡಪಟ್ಟಿ ಇಲ್ಲದ್ದನ್ನು, ಬುಡಕ್ಕೆ ಹಲಗೆಯ ಬದಲು ಇಟ್ಟಿಗೆ ಕೊಟ್ಟದ್ದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಕೋಣೆಯಲ್ಲಿ ಇಂಥ ದೋಷಗಳನ್ನು ಅಡಗಿಸಿಟ್ಟು, ನಾಲ್ಕು ನಾಲ್ಕು ಮಂದಿಯ ಐದು ಗುಂಪು ಮಾಡಿ, 15 ನಿಮಿಷ ಸುತ್ತಾಡಿಸಿ, ಕಂಡದ್ದನ್ನು ಮೂಡಲ್‌ನ ಪಟ್ಟಿಯಲ್ಲಿ ಗುರುತು ಹಾಕಿಸುತ್ತೇವೆ. ತುರ್ತು ಚಿಕಿತ್ಸೆಯಲ್ಲಿ ಗಾಯಾಳುಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವ ಅಭ್ಯಾಸವೂ ಇದೇ ರೀತಿಯದು.

ಎಂಜಿನಿಯರುಗಳಿಗೆ ಒಂದು ಕೋರಿಕೆ. ನೀವು ರೆವಿಟ್ ಅಥವಾ ಸ್ಕೆಚ್‌ಅಪ್ ವಿನ್ಯಾಸ ತಂತ್ರಾಂಶದಿಂದ ಕಳುಹಿಸುವ ಮಾದರಿಗಳಲ್ಲಿ ಒಂದೊಂದು ಕ್ಲಾಂಪು, ನಟ್ಟು, ಬೋಲ್ಟಿನ ಮರೆ ಸುತ್ತುಗಳೂ ಎಳೆ ಎಳೆಯಾಗಿ ಮೂಡಿರುತ್ತವೆ. ಪರದೆಯಲ್ಲಿ ಆಕಾರ ಮೂಡಿಸುವ ತ್ರಿಕೋನಗಳು ಒಟ್ಟು ಲಕ್ಷಗಟ್ಟಲೆ. ಕೋಣೆ ತಾಳುವುದು 50,000. ಬೋಲ್ಟ್‌ಗಳನ್ನು ತೆಗೆದು, ಪೈಪ್‌ಗಳನ್ನು 8 ಮುಖಕ್ಕೆ ಇಳಿಸಿ, ಬಣ್ಣ ಬಣ್ಣದ ಮೆಟೀರಿಯಲ್‌ಗಳನ್ನು 25ರ ಒಳಗೆ ತಂದು, ಜಿಎಲ್‌ಬಿ ಎಂಬ ಮೂರು ಆಯಾಮದ ಮಾದರಿ ಕಡತವನ್ನು 16 ಎಂಬಿಯೊಳಗೆ ಕೊಟ್ಟರೆ ಪುಕ್ಕಟೆ ಏರಿಸುತ್ತೇವೆ. ಬ್ಲೆಂಡರ್ ತಂತ್ರಾಂಶದಲ್ಲಿ ಆ ಕೆಲಸ ನಾವೇ ಮಾಡಬೇಕೆಂದರೆ ಪ್ರತ್ಯೇಕ ಶುಲ್ಕ, ಮಾದರಿ ನೋಡಿ ಮೊದಲೇ ಹೇಳುತ್ತೇವೆ.

ವೈದ್ಯರ ಸಂಘಗಳಿಗೆ: ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ ನಿರಂತರ ವೈದ್ಯಕೀಯ ಶಿಕ್ಷಣದ 30 ಕ್ರೆಡಿಟ್ ಗಂಟೆ ಬೇಕು. ಯಾವ ತರಗತಿಗೆ ಎಷ್ಟು ಕ್ರೆಡಿಟ್ ಎಂದು ತೀರ್ಮಾನಿಸುವುದು ಪರಿಷತ್ತು, ನಾವಲ್ಲ. ನಾವು ಕೊಡುವುದು ಒಳಬಂದ, ಹೊರಹೋದ ಸಮಯ ಮತ್ತು ಪ್ರಶ್ನೆಗಳಿಗೆ ಕೊಟ್ಟ ಉತ್ತರ. ಕರೆ ಬಂದು ಸಂಪರ್ಕ ಕಡಿದರೆ ಅದೇ ಮೂಡಲ್ ಖಾತೆಯಿಂದ ಮತ್ತೆ ಬನ್ನಿ, ತುಂಡು ಸಮಯಗಳನ್ನು ಕೂಡಿಸುತ್ತೇವೆ. ಸ್ನೇಹಿತರ ಲಿಂಕ್‌ನಿಂದ ಬಂದರೆ ಅದು ಸ್ನೇಹಿತರ ಹಾಜರಿ!

ಬಿಟ್ಟು ಹೋಗಬೇಕೆನಿಸಿದ ಸಂಘಕ್ಕೂ ತೊಡಕಿಲ್ಲ. ನಿಮ್ಮ ಪ್ರತಿ ಪಾಠದ ಬ್ಯಾಕಪ್ ಎಂಬಿಝಡ್ ಕಡತವಾಗಿ ಸಿಗುತ್ತದೆ, ಅದನ್ನು ಬೇರೆ ಮೂಡಲ್‌ಗೆ ಏರಿಸಿಕೊಳ್ಳಬಹುದು. ಅಲ್ಲಿನ ಆವೃತ್ತಿ ನಮ್ಮದಕ್ಕಿಂತ ಹಳೆಯದಿರಬಾರದು, ಅಷ್ಟೇ. ಸದಸ್ಯರ ಮೊಬೈಲ್ ಸಂಖ್ಯೆ, ಹಾಜರಿ, ಅಂಕಗಳನ್ನು ಯಾವ ಪ್ರಾಯೋಜಕರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ, ಕೇಳಿದವರಿದ್ದಾರೆ.

ಮೊದಲ ಎರಡು ತರಗತಿಗಳಿಗೆ ನಮ್ಮವರೊಬ್ಬರು ಕೊನೆಯವರೆಗೂ ನಿಮ್ಮ ಜತೆ ಇರುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಉಪನ್ಯಾಸಕರು ಹಿಂದಿನ ದಿನ ಸಂಜೆ ಹತ್ತು ನಿಮಿಷ ಬಂದು ಮೈಕ್ ಪರೀಕ್ಷಿಸಿಕೊಂಡರೆ ಸಾಕು. ಬ್ಲೂಟೂತ್ ಬೇಡ, ತಂತಿಯ ಹೆಡ್‌ಫೋನ್ ತನ್ನಿ. ಏಪ್ರಿಲ್, ಮೇ ತಿಂಗಳ ವೇಳಾಪಟ್ಟಿ ಮತ್ತು ಹೊಸ ಅಳತೆಯ ಬ್ಯಾನರ್‌ಗಳನ್ನು ಮಾರ್ಚ್ 25ರೊಳಗೆ ಕಳುಹಿಸಿ. ಹಳೆಯ 4096ರ ಬ್ಯಾನರ್‌ಗಳನ್ನು 31ರ ರಾತ್ರಿ ಇಳಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ ಮತ್ತು ತಾಂತ್ರಿಕ ವಿಭಾಗದವರು